ಯಾವ ಏಟಿಗೆ ಯಾವ ಕವಚ?

ಪಿಸ್ತೂಲಿನಿಂದ ಸಿಡಿದ 9 ಎಂಎಂ ಗುಂಡು ಸುಮಾರು 600 ಜೂಲ್ ಶಕ್ತಿ ಹೊತ್ತು ಬರುತ್ತದೆ. ಕೈಯಿಂದ ಇರಿದ ಚೂರಿಯಲ್ಲಿ ಸಾಮಾನ್ಯವಾಗಿ ಅದರ ಹತ್ತನೇ ಒಂದು ಪಾಲೂ ಇರುವುದಿಲ್ಲ. ಹಾಗಿದ್ದೂ ಆ ಗುಂಡನ್ನು ಹಿಡಿದು ನಿಲ್ಲಿಸುವ ಜಾಕೆಟ್ಟನ್ನು ಚೂರಿ ಸೀಳಿಕೊಂಡು ಒಳಗಿಳಿಯಬಲ್ಲದು. ಮೊದಲ ಸಲ ಕೇಳಿದವರು ಇದನ್ನು ನಂಬುವುದಿಲ್ಲ. ಗುಂಡನ್ನೇ ತಡೆಯುವ ಬಟ್ಟೆಗೆ ಚೂರಿ ಯಾವ ಲೆಕ್ಕ ಎನ್ನುತ್ತಾರೆ. ಬಲವಾದ ಕವಚ ತೊಟ್ಟರೆ ಎಲ್ಲದರಿಂದಲೂ ಪಾರು ಎಂಬ ಈ ನಂಬಿಕೆಯೇ ಕವಚದ ಆಯ್ಕೆಯಲ್ಲಿ ಜೀವಕ್ಕೆ ಎರವಾಗುವ ಅನೇಕ ತಪ್ಪುಗಳ ಮೂಲ.

ಕವಚಕ್ಕೆ ಒಟ್ಟಾರೆ ಬಲ ಎಂಬುದೊಂದಿಲ್ಲ. ಇಂಥ ಗುಂಡು, ಇಷ್ಟು ವೇಗ, ಇಂಥ ಮೊನೆ ಎಂದು ಮೊದಲೇ ಗೊತ್ತುಮಾಡಿಕೊಂಡು ಅದನ್ನು ತಡೆಯಲೆಂದೇ ತಯಾರಿಸಿದ ವಸ್ತು ಅದು. ಅಂಗಡಿಯಲ್ಲಾಗಲಿ, ಇಲಾಖೆಯ ಖರೀದಿ ಸಮಿತಿಯಲ್ಲಾಗಲಿ, ‘ಎಷ್ಟು ಗಟ್ಟಿ’ ಎಂದು ಕೇಳುವ ಮೊದಲು ‘ಯಾವುದರಿಂದ ಕಾಯುತ್ತದೆ’ ಎಂದು ಕೇಳಬೇಕು.

ನೂಲು ಗುಂಡನ್ನು ಹಿಡಿಯುವ ಬಗೆ

1965ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಸ್ಟೆಫನಿ ಕ್ವೊಲೆಕ್ ಎಂಬ ರಸಾಯನವಿಜ್ಞಾನಿ ವಾಹನಗಳ ಟೈರಿಗೆ ಬೇಕಾದ ಹಗುರ ಹಾಗೂ ಗಟ್ಟಿ ನೂಲನ್ನು ಹುಡುಕುತ್ತಿದ್ದರು. ಒಂದು ದ್ರಾವಣ ನಿರೀಕ್ಷೆಗಿಂತ ತೆಳ್ಳಗೆ, ಮಸುಕಾಗಿ ಬಂತು. ನೂಲು ತೆಗೆಯುವ ಯಂತ್ರದ ಸಣ್ಣ ರಂಧ್ರಗಳು ಕಟ್ಟಿಕೊಂಡಾವು ಎಂದು ಯಂತ್ರ ನಡೆಸುವವರು ಹಿಂಜರಿದರು. ಕ್ವೊಲೆಕ್ ಬಿಡಲಿಲ್ಲ. ಹಾಗೆ ಹೊರಬಂದ ನೂಲೇ ಮುಂದೆ ಕೆವ್ಲಾರ್ ಆಯಿತು. ತೂಕಕ್ಕೆ ತೂಕ ಹೋಲಿಸಿದರೆ ಅದು ಉಕ್ಕಿನ ಐದು ಪಟ್ಟು ಗಟ್ಟಿ. 1970ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಜಸ್ಟಿಸ್, ಅಂದರೆ ಎನ್‌ಐಜೆ, ಇದರಿಂದ ಪೊಲೀಸರಿಗೆ ಅಂಗಿಯೊಳಗೆ ತೊಡುವ ಜಾಕೆಟ್ ಮಾಡಿಸಿ ಪರೀಕ್ಷೆಗೆ ಹಂಚಿತು. 1975ರ ಡಿಸೆಂಬರಿನಲ್ಲಿ ಸಿಯಾಟಲ್ ನಗರದಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಅದನ್ನು ತೊಟ್ಟಿದ್ದರಿಂದ ಗುಂಡೇಟಿನಿಂದ ಬದುಕಿದರು.

ಈ ಮೆದು ಕವಚದಲ್ಲಿ ನೂಲಿನ ಬಟ್ಟೆ ಪದರದ ಮೇಲೆ ಪದರವಾಗಿ, ಎಷ್ಟೋ ಸಲ ಇಪ್ಪತ್ತಕ್ಕೂ ಮಿಕ್ಕಿ ಇರುತ್ತದೆ. ಗುಂಡು ಬಡಿದೊಡನೆ ತಗಲಿದ ಎಳೆಗಳು ಬಿಗಿದು, ಆ ಬಿಗಿತ ಸೆಕೆಂಡಿಗೆ ಹಲವು ಕಿಲೋಮೀಟರ್ ವೇಗದಲ್ಲಿ ಎಳೆಯುದ್ದಕ್ಕೂ ಹರಿಯುತ್ತದೆ. ಅಡ್ಡ ಎಳೆಗಳೂ ಅದರೊಡನೆ ಸೆಳೆಯಲ್ಪಡುತ್ತವೆ. ಅಂಗೈಯಗಲದ ಬಟ್ಟೆಯೆಲ್ಲ ಒಟ್ಟಾಗಿ ಗುಂಡನ್ನು ಎಳೆದು ಹಿಡಿಯುತ್ತದೆ. ಪಿಸ್ತೂಲಿನ ಗುಂಡು ಸಾಮಾನ್ಯವಾಗಿ ತಾಮ್ರದ ತೊಗಲಿನೊಳಗಿನ ಸೀಸ. ಮೆತ್ತಗಿನ ಲೋಹವಾದ್ದರಿಂದ ಬಡಿದ ಕೂಡಲೇ ಮುಂಭಾಗ ಚಪ್ಪಟೆಯಾಗಿ ಅಗಲವಾಗುತ್ತದೆ. ಅಗಲವಾದಷ್ಟೂ ಹೆಚ್ಚು ಎಳೆಗಳು ಅದಕ್ಕೆ ಅಡ್ಡ ಬರುತ್ತವೆ. ಗುಂಡು ತಾನೇ ತನ್ನ ಸೋಲಿಗೆ ನೆರವಾಗುತ್ತದೆ ಎಂದರೆ ತಪ್ಪಲ್ಲ.

ಇದೇ ಕೆಲಸಕ್ಕೆ ಇನ್ನೊಂದು ನೂಲೂ ಇದೆ, ವಿಶೇಷ ಬಗೆಯ ಪಾಲಿಎಥಿಲೀನ್. ಡೈನೀಮಾ, ಸ್ಪೆಕ್ಟ್ರಾ ಎಂಬ ಹೆಸರುಗಳಲ್ಲಿ ಬರುತ್ತದೆ. ನೀರಿನಲ್ಲಿ ತೇಲುವಷ್ಟು ಹಗುರ, ನೀರು ಹೀರುವುದಿಲ್ಲ. ಬಿಸಿ ಮಾತ್ರ ಅದಕ್ಕೆ ಆಗದು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಚೂರಿಯ ಮುಂದೆ ಈ ಏರ್ಪಾಡು ಕೈಕೊಡುವುದು ಏಕೆ? ಒಂದು ಕ್ವಿಂಟಾಲ್ ಭತ್ತ ತುಂಬಿ ಲಾರಿಗೆ ಎಸೆದರೂ ಹರಿಯದ ಗೋಣಿಚೀಲದಲ್ಲಿ ದಬ್ಬಣ ಬೆರಳ ಒತ್ತಿಗೇ ತೂರುವುದನ್ನು ಎಲ್ಲರೂ ಕಂಡಿದ್ದಾರೆ. ಮೊನೆ ಎಳೆಗಳ ನಡುವೆ ಸಂದು ಮಾಡಿಕೊಂಡು ನುಸುಳುತ್ತದೆ, ಹಿಂದಿನಿಂದ ಬರುವ ಅಲಗು ಒಂದೊಂದೇ ಎಳೆಯನ್ನು ಕೊಯ್ಯುತ್ತದೆ. ಚಪ್ಪಟೆಯಾಗಲು ಚೂರಿ ಸೀಸವಲ್ಲ. ಅದರ ಹಿಂದಿರುವ ಕೈ ಏಟು ಬಿದ್ದ ಮೇಲೂ ಒತ್ತುತ್ತಲೇ ಇರುತ್ತದೆ. ಆದ್ದರಿಂದ ಇರಿತ ತಡೆಯುವ ಕವಚದಲ್ಲಿ ನೂಲನ್ನು ಬೆರಳಿನಿಂದ ಸರಿಸಲಾಗದಷ್ಟು ಬಿಗಿಯಾಗಿ ನೇಯುತ್ತಾರೆ, ಇಲ್ಲವೇ ಪದರಗಳಿಗೆ ರಾಳ ಹಚ್ಚಿ ಪೆಡಸು ಮಾಡುತ್ತಾರೆ, ಇಲ್ಲವೇ ಉಕ್ಕಿನ ಬಳೆಗಳ ಜಾಲವನ್ನೋ ತೆಳು ತಗಡನ್ನೋ ಸೇರಿಸುತ್ತಾರೆ. 2000ದಲ್ಲಿ ಬಂದ ಎನ್‌ಐಜೆ ಇರಿತ ಮಾನದಂಡದಲ್ಲಿ ಮೂರು ಹಂತಗಳಿವೆ: 24, 33 ಮತ್ತು 43 ಜೂಲ್. ಆ ಏಟಿಗೆ ಮೊನೆ ಒಳಬದಿಯಲ್ಲಿ 7 ಮಿಲಿಮೀಟರಿಗಿಂತ ಹೆಚ್ಚು ಚಾಚಬಾರದು. ಅಲಗುಳ್ಳ ಚೂರಿಗೂ ಐಸ್ ಒಡೆಯುವ ಸೂಜಿಯಂಥ ಆಯುಧಕ್ಕೂ ಅದರಲ್ಲಿ ಬೇರೆ ಬೇರೆ ಪರೀಕ್ಷೆ. ಸ್ಕ್ರೂಡ್ರೈವರ್, ತಿದ್ದಿದ ಮೊಳೆ, ಸೂಜಿ ಇವುಗಳನ್ನು ತಡೆಯಲು ಚೂರಿ ತಡೆಯುವ ಕವಚ ಸಾಲದೆ ಹೋಗಬಹುದು. ಜೈಲಿನ ಸಿಬ್ಬಂದಿಗೆ ಎದುರಾಗುವುದು ಇಂಥವೇ ಆದ್ದರಿಂದ ಅವರ ಕವಚ ಈ ಎರಡನೇ ಪರೀಕ್ಷೆಯನ್ನೂ ಗೆದ್ದಿರಬೇಕು.

ನಮ್ಮಲ್ಲಿ ರೌಡಿಗಳ ಕೈಯಲ್ಲಿ ಮಚ್ಚು, ಲಾಂಗು ಹೆಚ್ಚು. ಬೀಸಿ ಹೊಡೆಯುವ ಈ ಆಯುಧಗಳ ಏಟು ಅಲಗಿನುದ್ದಕ್ಕೂ ಹಂಚಿಹೋಗುವುದರಿಂದ ಒಳ್ಳೆಯ ಕವಚ ಅದನ್ನು ಇರಿತಕ್ಕಿಂತ ಸುಲಭವಾಗಿ ತಡೆಯುತ್ತದೆ. ಆದರೆ ಬೀಸಿದ ಮಚ್ಚು ಬೀಳುವುದು ಕವಚವಿಲ್ಲದ ಕಡೆಗೇ. ತಲೆ, ಕುತ್ತಿಗೆ, ತಡೆಯಲು ಎತ್ತಿದ ಮುಂಗೈ. ನನ್ನ ಖಚಿತ ಅಭಿಪ್ರಾಯ ಇದು: ರಾತ್ರಿ ಗಸ್ತಿಗೆ ಹೋಗುವ, ಆರೋಪಿಯನ್ನು ಹಿಡಿಯಲು ಬಾಗಿಲು ತಟ್ಟುವ ಪೊಲೀಸರಿಗೆ ರೈಫಲ್ ಗುಂಡು ತಡೆಯುವ ಹತ್ತು ಕೆ.ಜಿ. ಜಾಕೆಟ್ಟಿಗಿಂತ, ಇರಿತವನ್ನೂ ಪಿಸ್ತೂಲನ್ನೂ ತಡೆಯುವ ಎರಡು ಮೂರು ಕೆ.ಜಿ.ಯ ಜಾಕೆಟ್ಟು ಮತ್ತು ಮುಂಗೈ ರಕ್ಷಕ ಹೆಚ್ಚು ಉಪಯೋಗ. ಠಾಣೆಯ ಬೀರುವಿನಲ್ಲಿ ಉಳಿದುಬಿಡುವ ಕವಚ ಯಾರನ್ನೂ ಕಾಯುವುದಿಲ್ಲ.

ರೈಫಲ್ ಎದುರಾದರೆ

ರೈಫಲ್ ಗುಂಡಿನ ಲೆಕ್ಕವೇ ಬೇರೆ. ನ್ಯಾಟೋ 7.62 ಎಂಎಂ ಗುಂಡಿನ ತೂಕ ಹತ್ತು ಗ್ರಾಂ ಕೂಡ ಇಲ್ಲ, ಆದರೆ ಸೆಕೆಂಡಿಗೆ ಸುಮಾರು 850 ಮೀಟರ್ ವೇಗದಲ್ಲಿ ಬರುವ ಅದರ ಶಕ್ತಿ 3,400 ಜೂಲ್ ಮುಟ್ಟುತ್ತದೆ. ಎ.ಕೆ. 47ರ ಗುಂಡಿಗೂ ಸುಮಾರು 2,000 ಜೂಲ್ ಇದೆ. ಮೊನಚಾದ, ಕಿರಿದಾದ ಈ ಗುಂಡುಗಳು ಮೆದು ಕವಚವನ್ನು ಲೆಕ್ಕಕ್ಕೇ ಇಡದೆ ದಾಟುತ್ತವೆ. ಇಲ್ಲಿ ಬೇಕಾಗುವುದು ಎದೆಗೂ ಬೆನ್ನಿಗೂ ಗಟ್ಟಿ ಪ್ಲೇಟು.

ಪ್ಲೇಟಿನ ಒಳಗೆ ಎರಡು ಪಾತ್ರಧಾರಿಗಳು. ಮುಂದೆ ಸೆರಾಮಿಕ್, ಹಿಂದೆ ನೂಲಿನ ಗಟ್ಟಿ ಹಾಸು. ಅಲ್ಯೂಮಿನಾ, ಸಿಲಿಕಾನ್ ಕಾರ್ಬೈಡ್, ಬೋರಾನ್ ಕಾರ್ಬೈಡ್ ಈ ಮೂರೂ ಗುಂಡಿನ ಉಕ್ಕಿಗಿಂತ ಗಡುಸು. ಗುಂಡಿನ ಮೊನೆ ಅದಕ್ಕೆ ತಾಗಿ ಮೊಂಡಾಗುತ್ತದೆ, ಒಡೆಯುತ್ತದೆ, ಜೊತೆಗೆ ಆ ಜಾಗದ ಸೆರಾಮಿಕ್ ಕೂಡ ಪುಡಿಯಾಗುತ್ತದೆ. ಆ ಚೂರುಗಳನ್ನೆಲ್ಲ ಹಿಂದಿನ ಹಾಸು ಹಿಡಿದಿಡುತ್ತದೆ. ಅಲ್ಯೂಮಿನಾ ಅಗ್ಗ, ಭಾರ. ಬೋರಾನ್ ಕಾರ್ಬೈಡ್ ಅತಿ ಹಗುರ, ದುಬಾರಿ. ಅದರ ಸಾಂದ್ರತೆ ಉಕ್ಕಿನ ಮೂರನೇ ಒಂದರಷ್ಟು ಮಾತ್ರ.

ಬರೀ ಉಕ್ಕಿನ ಪ್ಲೇಟುಗಳೂ ಮಾರಾಟಕ್ಕಿವೆ. ಬೆಲೆ ಕಡಿಮೆ, ಬಾಳಿಕೆ ಹೆಚ್ಚು ಎಂಬ ಜಾಹೀರಾತು ಅವಕ್ಕೆ ಇರುತ್ತದೆ. ಮೈಮೇಲೆ ತೊಡಲು ಅವನ್ನು ಆರಿಸಬೇಡಿ ಎಂದೇ ನಾನು ಹೇಳುವುದು. ಉಕ್ಕಿಗೆ ಬಡಿದ ಗುಂಡು ಚೂರುಚೂರಾಗಿ ಪ್ಲೇಟಿನ ಮೈಗುಂಟ ನಾಲ್ಕೂ ಕಡೆ ಸಿಡಿಯುತ್ತದೆ. ಮೇಲೆ ಸಿಡಿದದ್ದು ಗಂಟಲಿಗೆ, ಗದ್ದಕ್ಕೆ. ಪಕ್ಕಕ್ಕೆ ಸಿಡಿದದ್ದು ತೋಳಿಗೆ. ಮೇಲೆ ಹಚ್ಚುವ ರಬ್ಬರಿನಂಥ ಲೇಪ ಇದನ್ನು ಸ್ವಲ್ಪ ತಡೆದೀತು, ಪೂರ್ತಿಯಾಗಿ ತಡೆಯುತ್ತದೆಂದು ನೆಚ್ಚುವಂತಿಲ್ಲ. ತೂಕವಂತೂ ಹೊತ್ತವರಿಗೇ ಗೊತ್ತು.

ಬರೀ ಪಾಲಿಎಥಿಲೀನ್ ಒತ್ತಿ ಮಾಡಿದ ಪ್ಲೇಟೂ ಇದೆ. ಒಂದೂವರೆ ಕೆ.ಜಿ.ಯ ಆಸುಪಾಸಿನ ಈ ಹಗುರ ಪ್ಲೇಟು 3,400 ಜೂಲ್‌ನ ಸೀಸದ ಗುಂಡನ್ನು ತಡೆಯುತ್ತದೆ. ಆದರೆ ಅದರ ಅರ್ಧದಷ್ಟೇ ಶಕ್ತಿಯ 5.56 ಎಂಎಂ ಗುಂಡು, ಮೊನೆಯಲ್ಲಿ ಸಣ್ಣ ಉಕ್ಕಿನ ತುಂಡಿದ್ದರೆ, ಇಂಥ ಹಲವು ಪ್ಲೇಟುಗಳನ್ನು ಕೊರೆದುಕೊಂಡು ಹೋಗುತ್ತದೆ. ಬಟ್ಟೆ ಮತ್ತು ಚೂರಿಯ ಕಥೆಯೇ ಇಲ್ಲಿ ಮರುಕಳಿಸುತ್ತದೆ, ಪ್ರಮಾಣ ದೊಡ್ಡದು ಅಷ್ಟೆ. ಎನ್‌ಐಜೆಯ ಹಳೆಯ ಮೂರನೇ ಹಂತದ ಪರೀಕ್ಷೆಯಲ್ಲಿ ಈ ಗುಂಡು ಇರಲೇ ಇಲ್ಲ. ‘ಲೆವೆಲ್ 3’ ಎಂದು ಅಚ್ಚಾಗಿದ್ದ ಪ್ಲೇಟು ತೊಟ್ಟವರಿಗೆ ಇದು ತಿಳಿದಿರಬೇಕಾದ ಅಗತ್ಯವಿತ್ತು.

2023ರ ನವೆಂಬರಿನಲ್ಲಿ ಎನ್‌ಐಜೆ ತನ್ನ ಹಂತಗಳ ಹೆಸರನ್ನೇ ಬದಲಿಸಿತು. ಪಿಸ್ತೂಲು, ರಿವಾಲ್ವರುಗಳಿಗೆ ಎಚ್‌ಜಿ 1, ಎಚ್‌ಜಿ 2. ರೈಫಲ್ಲುಗಳಿಗೆ ಆರ್‌ಎಫ್ 1, 2, 3. ಹಳೆಯ 2ನೇ ಹಂತ ಎಚ್‌ಜಿ 1 ಆಯಿತು, 3-ಎ ಎಂಬುದು ಎಚ್‌ಜಿ 2. ಉಕ್ಕಿನ ಮೊನೆಯ ಆ 5.56 ಗುಂಡಿಗೆ ಆರ್‌ಎಫ್ 2 ಎಂಬ ಹೊಸ ಮೆಟ್ಟಿಲೇ ಹುಟ್ಟಿತು. ಕವಚಭೇದಕ ಗುಂಡಿಗೆ ಆರ್‌ಎಫ್ 3. ಹಳೆಯ ಹೆಸರಿನ ಸರಕು ಇನ್ನೂ ಕೆಲವು ವರ್ಷ ಮಾರುಕಟ್ಟೆಯಲ್ಲಿ ಓಡಾಡುತ್ತದೆ. 3 ಮತ್ತು 3-ಎ ಒಂದೇ ಎಂದು ತಿಳಿಯುವವರು ಬಹಳ. ಮೊದಲನೆಯದು ರೈಫಲ್ಲಿಗೆ, ಎರಡನೆಯದು ಪಿಸ್ತೂಲಿಗೆ. ನಡುವಿನ ವ್ಯತ್ಯಾಸ ಸಾವು ಬದುಕಿನದು.

ಭಾರತಕ್ಕೂ ತನ್ನದೇ ಮಾನದಂಡವಿದೆ. ಭಾರತೀಯ ಮಾನಕ ಸಂಸ್ಥೆ 2018ರಲ್ಲಿ ಹೊರತಂದ ಐಎಸ್ 17051. ಅದಕ್ಕೆ ಮುಂಚೆ ಒಂದೊಂದು ಪಡೆಯೂ ತನ್ನದೇ ಷರತ್ತು ಬರೆದುಕೊಂಡು, ಇಲ್ಲವೇ ಹೊರದೇಶದ ಮಾನದಂಡ ಹಿಡಿದು ಕೊಳ್ಳುತ್ತಿತ್ತು. ನಮ್ಮ ಸೈನಿಕರು ಎದುರಿಸುವ ಗುಂಡು ಅಮೆರಿಕದ ಪೊಲೀಸರು ಎದುರಿಸುವಂಥದ್ದೇ ಆಗಿರಬೇಕೆಂದಿಲ್ಲ. ಕಾಶ್ಮೀರದಲ್ಲಿ ಇದು ಕಣ್ಣಿಗೆ ಹೊಡೆಯುವಂತೆ ಕಂಡಿತು. 2017ರ ಡಿಸೆಂಬರ್ 31ರಂದು ಪುಲ್ವಾಮಾದ ಲೇತಪೋರಾದಲ್ಲಿ ಸಿಆರ್‌ಪಿಎಫ್ ಶಿಬಿರದ ಮೇಲೆ ದಾಳಿ ನಡೆದು ಐವರು ಯೋಧರು ಹುತಾತ್ಮರಾದರು. ಉಗ್ರರು ಬಳಸಿದ್ದು ಗಡುಸು ಉಕ್ಕಿನ ತಿರುಳಿದ್ದ ಎ.ಕೆ. ಗುಂಡುಗಳನ್ನು. ಅದೇ ಬಂದೂಕಿನ ಮಾಮೂಲಿ ಗುಂಡನ್ನು ತಡೆಯುತ್ತಿದ್ದ ಗುರಾಣಿಯನ್ನು ಅವು ತೂರಿದವು. ಬಂದೂಕು ಬದಲಾಗಿರಲಿಲ್ಲ, ಗುಂಡಿನ ಹೊಟ್ಟೆಯೊಳಗಿನ ತಿರುಳು ಮಾತ್ರ ಬದಲಾಗಿತ್ತು. ಆದ್ದರಿಂದ ‘ಎ.ಕೆ. 47 ತಡೆಯುತ್ತದೆ’ ಎಂಬ ಮಾತು ಅರ್ಧ ಮಾಹಿತಿ. ಯಾವ ತಿರುಳಿನ ಗುಂಡು ಎಂಬುದೂ ಚೀಟಿಯಲ್ಲಿ ಇರಬೇಕು.

2018ರ ಏಪ್ರಿಲಿನಲ್ಲಿ ಸೇನೆಗೆ 1,86,138 ಜಾಕೆಟ್ ಕೊಳ್ಳಲು 639 ಕೋಟಿ ರೂಪಾಯಿಯ ಒಪ್ಪಂದವಾಯಿತು. ಆಮೇಲಿನ ವರ್ಷಗಳಲ್ಲಿ ಡಿಆರ್‌ಡಿಒದ ಕಾನ್ಪುರ ಪ್ರಯೋಗಾಲಯ ತೂಕ ಇಳಿಸುವ ಕೆಲಸಕ್ಕೆ ಕೈಹಾಕಿತು. 2021ರಲ್ಲಿ ಮಧ್ಯಮ ಅಳತೆಯ ಜಾಕೆಟ್ 10.4 ಕೆ.ಜಿ.ಯಿಂದ 9 ಕೆ.ಜಿ.ಗೆ ಇಳಿಯಿತು. 2024ರಲ್ಲಿ ಐಎಸ್ 17051ರ ಅತ್ಯುನ್ನತವಾದ 6ನೇ ಹಂತ, ಅಂದರೆ 7.62×54 ಆರ್ ಎಂಬ ಕವಚಭೇದಕ ಸ್ನೈಪರ್ ಗುಂಡನ್ನು ತಡೆಯುವ ಜಾಕೆಟ್ಟು ಪರೀಕ್ಷೆಯಲ್ಲಿ ಗೆದ್ದಿತು. ಅದೇ ವರ್ಷ ದೆಹಲಿಯ ಐಐಟಿ ಜೊತೆಗೂಡಿ ಮಾಡಿದ ‘ಅಭೇದ್’ ಬಂತು. ಹಂತಕ್ಕೆ ತಕ್ಕಂತೆ 8.2 ಮತ್ತು 9.5 ಕೆ.ಜಿ. ಒಂದೂವರೆ ಕೆ.ಜಿ. ಇಳಿದರೆ ಏನು ಮಹಾ ಎನ್ನುವವರು ಆಗುಂಬೆಯ ಕಡೆಯ ಕಾಡಿನಲ್ಲಿ ಮಳೆಗಾಲದ ಜಾರು ಏರು ಹತ್ತಿದ ನಕ್ಸಲ್ ನಿಗ್ರಹ ಪಡೆಯವರನ್ನು ಕೇಳಬೇಕು. ಬೆನ್ನಿಗೆ ರೇಷನ್ನು, ಕೈಯಲ್ಲಿ ಬಂದೂಕು, ಸೊಂಟಕ್ಕೆ ಮದ್ದುಗುಂಡು, ಅದರ ಮೇಲೆ ಕವಚ.

ಪ್ಲೇಟು ಕೊಳ್ಳುವಾಗ ಇನ್ನೊಂದು ಸೂಕ್ಷ್ಮ ಇದೆ. ಕೆಲವು ಪ್ಲೇಟುಗಳು ಒಂಟಿಯಾಗಿಯೇ ಗುಂಡು ತಡೆಯುತ್ತವೆ. ಕೆಲವು, ಹಿಂದೆ ಮೆದು ಕವಚ ಇದ್ದರೆ ಮಾತ್ರ. ಎರಡನೆಯದು ಹಗುರ, ತೆಳು. ಆದರೆ ಅದನ್ನು ಬರೀ ಬಟ್ಟೆಯ ಚೀಲಕ್ಕೆ ತುರುಕಿ ತೊಟ್ಟರೆ ಚೀಟಿಯಲ್ಲಿ ಬರೆದ ರಕ್ಷಣೆ ಸಿಗುವುದಿಲ್ಲ. ಪ್ಲೇಟಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಇದನ್ನು ಬರೆದಿರುತ್ತಾರೆ, ಓದಬೇಕಷ್ಟೆ.

ತೂರದ ಗುಂಡೂ ಗಾಯ ಮಾಡುತ್ತದೆ

ಗುಂಡು ನಿಂತಿತೆಂದರೆ ಏಟು ಇಲ್ಲವಾಯಿತು ಎಂದಲ್ಲ. ಕವಚ ಒಳಕ್ಕೆ ಉಬ್ಬಿ ಮೈಗೆ ಗುದ್ದುತ್ತದೆ. ಪಕ್ಕೆಲುಬು ಮುರಿಯಬಹುದು, ಶ್ವಾಸಕೋಶದಲ್ಲಿ ರಕ್ತ ಕಟ್ಟಬಹುದು. ಇದನ್ನು ಅಳೆಯಲು ಪರೀಕ್ಷೆಯಲ್ಲಿ ಕವಚದ ಹಿಂದೆ ವಿಶೇಷ ಜೇಡಿಯನ್ನು ಇಟ್ಟು, ಗುಂಡು ಹೊಡೆದ ಮೇಲೆ ಮೂಡಿದ ಕುಳಿಯ ಆಳ ನೋಡುತ್ತಾರೆ. ಎನ್‌ಐಜೆಯ ಮಿತಿ 44 ಮಿಲಿಮೀಟರ್. 1970ರ ದಶಕದಲ್ಲಿ ಆಡುಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಬಂದ ಸಂಖ್ಯೆ ಅದು. ಆದ್ದರಿಂದ ಕವಚದ ಮೇಲೆ ಗುಂಡು ಬಿದ್ದವರು ಎದ್ದು ಓಡಾಡುತ್ತಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಒಳಗಿನ ಪೆಟ್ಟು ಗಂಟೆಗಳ ನಂತರ ತಲೆ ಎತ್ತಬಹುದು.

ಇನ್ನು ಕವಚ ಎಲ್ಲಿ ಕೂರುತ್ತದೆ ಎಂಬುದು. ಮುಂಬೈ ಮೇಲೆ ಉಗ್ರರ ದಾಳಿ ನಡೆದ 2008ರ ನವೆಂಬರ್ 26ರ ರಾತ್ರಿ ಕಾಮಾ ಆಸ್ಪತ್ರೆಯ ಬಳಿ ವಾಹನದಲ್ಲಿದ್ದ ಪೊಲೀಸ್ ಅಧಿಕಾರಿಗಳಾದ ಹೇಮಂತ್ ಕರ್ಕರೆ, ಅಶೋಕ್ ಕಾಮ್ಟೆ, ವಿಜಯ್ ಸಾಲಸ್ಕರ್ ಮೂವರೂ ಗುಂಡಿಗೆ ಬಲಿಯಾದರು. ಕರ್ಕರೆಯವರ ಜಾಕೆಟ್ಟು ಆಮೇಲೆ ಕಾಣೆಯಾಗಿ, ಅದರ ಗುಣಮಟ್ಟದ ಬಗ್ಗೆ ದೇಶವೇ ಪ್ರಶ್ನೆ ಕೇಳಿತು. ಕೇಳಬೇಕಾದದ್ದೇ. ಆದರೆ ಮರಣೋತ್ತರ ವರದಿಯ ಬಗ್ಗೆ ಪತ್ರಿಕೆಗಳಲ್ಲಿ ಬಂದಂತೆ ಗುಂಡುಗಳು ಹೊಕ್ಕಿದ್ದು ಭುಜ ಮತ್ತು ಕುತ್ತಿಗೆಯ ಭಾಗದಲ್ಲಿ. ಎಷ್ಟೇ ಒಳ್ಳೆಯ ಜಾಕೆಟ್ಟೂ ಅಲ್ಲಿಗೆ ತಲುಪುವುದು ಕಷ್ಟ. ವಾಹನದಲ್ಲಿ ಕೂತವರಿಗೆ ಏಟು ಪಕ್ಕದಿಂದ, ಮೇಲಿನಿಂದ ಬರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೆ, ಅವರ ಕವಚಕ್ಕೆ ಪಕ್ಕೆಯ ಪದರ, ಭುಜದ ಪದರ, ಕಾಲರ್ ಇರಬೇಕೆಂಬುದು ಸ್ಪಷ್ಟವಾಗುತ್ತದೆ.

ಎದೆಯ ಪ್ಲೇಟಿನ ಮೇಲಂಚು ಗಂಟಲ ಬುಡದ ತಗ್ಗಿಗೆ ಸರಿಯಾಗಿ ಬರಬೇಕು. ಅದು ಕಾಯಬೇಕಾದದ್ದು ಹೃದಯ, ದೊಡ್ಡ ರಕ್ತನಾಳಗಳು, ಶ್ವಾಸಕೋಶ. ಅನೇಕರು ಸಡಿಲಾಗಿ ಕಟ್ಟುವುದರಿಂದ ಅದು ಜಾರಿ ಹೊಟ್ಟೆಗೆ ಬಂದು, ಎದೆಯ ಮೇಲರ್ಧ ಬಯಲಾಗಿರುತ್ತದೆ. ಫೋಟೋಗಳಲ್ಲಿ ಇದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಮೆದು ಕವಚವಾದರೆ ಕೂತಾಗ ಅದರ ಕೆಳಂಚು ಬೆಲ್ಟಿನಿಂದ ಎರಡು ಬೆರಳು ಮೇಲಿರಬೇಕು, ಇಲ್ಲದಿದ್ದರೆ ಗಂಟಲಿಗೆ ಒತ್ತುತ್ತದೆ. ಗಂಟಲಿಗೆ ಒತ್ತಿದ್ದನ್ನು ಯಾರೂ ದಿನವಿಡೀ ತೊಡುವುದಿಲ್ಲ. ಎಲ್ಲರಿಗೂ ಒಂದೇ ಅಳತೆ ಹಂಚುವ ಪದ್ಧತಿಯಿಂದ ಹೆಚ್ಚು ತೊಂದರೆ ಮಹಿಳಾ ಸಿಬ್ಬಂದಿಗೆ. ಗಂಡಸಿನ ಎದೆಗೆ ಕತ್ತರಿಸಿದ ಕವಚ ಅವರಿಗೆ ತೋಳಿನ ಕೆಳಗೆ ಬಾಯಿ ಬಿಡುತ್ತದೆ, ಬಂದೂಕು ಹೆಗಲಿಗೇರಿಸಲು ಅಡ್ಡಿಯಾಗುತ್ತದೆ. ಬಾಗಿದ ಆಕಾರದ ಕವಚಕ್ಕೆ ಪರೀಕ್ಷೆಯೂ ಬೇರೆ ರೀತಿ ನಡೆಯಬೇಕು. 2023ರ ಎನ್‌ಐಜೆ ಮಾನದಂಡದಲ್ಲಿ ಅದಕ್ಕೆ ಸುಧಾರಿತ ವಿಧಾನ ಸೇರಿದೆ.

ಹೆಲ್ಮೆಟ್ಟಿನ ಬಗ್ಗೆ ಚುಟುಕಾಗಿ. ಸಾಮಾನ್ಯ ಸೇನಾ ಹೆಲ್ಮೆಟ್ ಚೂರುಗಳನ್ನೂ ಪಿಸ್ತೂಲಿನ ಗುಂಡನ್ನೂ ತಡೆಯುತ್ತದೆ, ರೈಫಲ್ಲನ್ನು ಅಲ್ಲ. ನಮ್ಮ ಸೇನೆಯ ಪಟಕಾ ಎಂಬ ಶಿರಸ್ತ್ರಾಣದಲ್ಲಿ ಹಣೆಗೂ ಹಿಂದಲೆಗೂ ಉಕ್ಕಿನ ಪಟ್ಟಿಯಿದೆ. ಎ.ಕೆ. ಗುಂಡಿನಿಂದ ಎಷ್ಟೋ ಹಣೆಗಳನ್ನು ಅದು ಕಾದಿದೆ, ನೆತ್ತಿಯನ್ನು ಮಾತ್ರ ಬಿಟ್ಟುಕೊಟ್ಟಿದೆ.

ಕಲ್ಲು, ಬಾಂಬು, ಡಾಂಬರು ರಸ್ತೆ

ಗಲಭೆಯ ಬೀದಿಯಲ್ಲಿ ನಿಂತ ಕೆಎಸ್‌ಆರ್‌ಪಿ ಪೇದೆಗೆ ಬೀಳುವುದು ಕಲ್ಲು, ಇಟ್ಟಿಗೆ, ದೊಣ್ಣೆ. ಅಲ್ಲಿ ಬೇಕಾದದ್ದು ಗಟ್ಟಿ ಪ್ಲಾಸ್ಟಿಕ್ಕಿನ ಹೊರಮೈ, ಒಳಗೆ ದಪ್ಪ ಫೋಮು, ಮೊಣಕಾಲು, ಮೊಣಕೈ, ಭುಜಗಳಿಗೆ ಹೊದಿಕೆ, ಮುಖಕ್ಕೆ ಗಾಜು, ಕೈಯಲ್ಲಿ ಪಾಲಿಕಾರ್ಬೊನೇಟ್ ಗುರಾಣಿ. ಏಟನ್ನು ಅಗಲಕ್ಕೆ ಹರಡಿ, ಕ್ಷಣವನ್ನು ಲಂಬಿಸುವುದೇ ಇದರ ಕೆಲಸ. ಪೆಟ್ರೋಲ್ ಬಾಟಲಿ ಬೀಳುವ ಸಂಭವವಿದ್ದರೆ ಹೊರಬಟ್ಟೆ ಬೆಂಕಿ ಹಿಡಿಯದಂಥದ್ದಾಗಿರಬೇಕು. ನೈಲಾನ್ ಕರಗಿ ಚರ್ಮಕ್ಕೆ ಅಂಟುತ್ತದೆ. ಗುಂಡು ನಿರೋಧಕ ಜಾಕೆಟ್ಟನ್ನೇ ತೊಡಿಸಿ ಕಲ್ಲಿನೆದುರು ನಿಲ್ಲಿಸಿದರೆ ಎದೆಯೊಂದು ಉಳಿದೀತು, ಮೊಣಕಾಲು ಒಡೆದೀತು.

ಬಾಂಬ್ ನಿಷ್ಕ್ರಿಯ ದಳದವರ ಸೂಟು ಇನ್ನೊಂದೇ ಲೋಕ. 2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕ ಬಾಂಬಿನ ಚೀಲವನ್ನು ಕೆಂಜಾರಿನ ಬಯಲಿಗೆ ಸಾಗಿಸಿ ಸ್ಫೋಟಿಸಿದ್ದನ್ನು ನಾಡೆಲ್ಲ ಟಿ.ವಿ.ಯಲ್ಲಿ ನೋಡಿತು. ಆ ದಪ್ಪ ಸೂಟು ತೊಟ್ಟ ಸಿಬ್ಬಂದಿಯ ನಿಧಾನ ನಡಿಗೆ ಹಲವರಿಗೆ ನೆನಪಿರಬಹುದು. ಇಂಥ ಸೂಟು ಮೂವತ್ತು ನಲವತ್ತು ಕೆ.ಜಿ. ತೂಗುತ್ತದೆ. ಸಿಡಿದ ಚೂರು, ಗಾಳಿಯ ಒತ್ತಡದ ಅಲೆ, ಬೆಂಕಿ, ಎಗರಿಬೀಳುವ ಪೆಟ್ಟು ನಾಲ್ಕನ್ನೂ ಅದು ಎದುರಿಸಬೇಕು. ಆದರೆ ತಂತಿ ಹಿಡಿಯುವ ಬೆರಳುಗಳಿಗೆ ದಪ್ಪ ಗವಸು ಹಾಕಲಾಗದು, ಕೈಗಳು ಹೆಚ್ಚಾಗಿ ಬರಿದಾಗಿಯೇ ಇರುತ್ತವೆ. ಒಳಗಿನ ಸೆಕೆ ಎಷ್ಟೆಂದರೆ ತಣ್ಣೀರು ಹರಿಸುವ ಒಳಂಗಿಯ ವ್ಯವಸ್ಥೆ ಬೇಕಾಗುತ್ತದೆ.

ಯುದ್ಧಭೂಮಿಗೆ ಹೋಗುವ ಪತ್ರಕರ್ತರಿಗೆ ಗುಂಡಿಗಿಂತ ಹೆಚ್ಚಿನ ಅಪಾಯ ಶೆಲ್ಲು ಮತ್ತು ಡ್ರೋನುಗಳ ಚೂರು. ಬರೀ ಎರಡು ಪ್ಲೇಟು ಸಾಲದು. ಸುತ್ತಲೂ ಮೆದು ಕವಚ, ಕುತ್ತಿಗೆಗೆ ಕಾಲರು, ಹೆಲ್ಮೆಟ್ಟು ಬೇಕು. ಜೊತೆಗೆ ರಕ್ತ ನಿಲ್ಲಿಸುವ ಟೂರ್ನಿಕೆ ಪಟ್ಟಿಯೂ ಬೇಕು, ಏಕೆಂದರೆ ಮುಂಡ ಕಾಪಾಡಿಕೊಂಡವರು ತೊಡೆಯ ರಕ್ತಸ್ರಾವದಿಂದ ಸಾಯಬಹುದು.

ಓದುಗರಲ್ಲಿ ಹೆಚ್ಚಿನವರು ನಿಜವಾಗಿ ಕೊಳ್ಳುವ ಕವಚ ಬೈಕಿನ ರೈಡಿಂಗ್ ಜಾಕೆಟ್ಟು. ಅದಕ್ಕೂ ಇದೇ ನ್ಯಾಯ. ಬಿದ್ದಾಗ ಎರಡು ಬಗೆಯ ಹಾನಿ: ರಸ್ತೆಗೆ ಉಜ್ಜಿ ಚರ್ಮ ಕಿತ್ತುಹೋಗುವುದು, ಗುದ್ದಿ ಮೂಳೆ ಮುರಿಯುವುದು. ಮೊದಲನೆಯದಕ್ಕೆ ಬಟ್ಟೆ, ಎರಡನೆಯದಕ್ಕೆ ಒಳಗಿನ ಪ್ಯಾಡು. ಬೆನ್ನಿನ ಪ್ಯಾಡಿಗೆ ಇಎನ್ 1621-2 ಎಂಬ ಯುರೋಪಿನ ಮಾನದಂಡ. 50 ಜೂಲ್‌ನ ಏಟು ಕೊಟ್ಟಾಗ ಆಚೆಗೆ ದಾಟುವ ಬಲ ಸರಾಸರಿ 18 ಕಿಲೋನ್ಯೂಟನ್ ಒಳಗಿದ್ದರೆ ಲೆವೆಲ್ 1, 9ರ ಒಳಗಿದ್ದರೆ ಲೆವೆಲ್ 2. ಕೆಲವು ಜಾಕೆಟ್ಟುಗಳಲ್ಲಿ ಭುಜ, ಮೊಣಕೈಗೆ ಪ್ರಮಾಣಿತ ಪ್ಯಾಡಿದ್ದು ಬೆನ್ನಿಗೆ ಬರೀ ಸ್ಪಂಜಿನ ಹಾಳೆ ಇರುತ್ತದೆ. ಜಿಪ್ ಬಿಚ್ಚಿ, ಪ್ಯಾಡು ಹೊರಗೆಳೆದು, ಅದರ ಮೇಲೆ ಅಚ್ಚಾದ ಸಂಖ್ಯೆ ನೋಡಿ. ಮಲೆನಾಡು, ಕೊಡಗಿನ ತೋಟಗಳಲ್ಲಿ ಚೈನ್ ಸಾ ಹಿಡಿಯುವವರ ಪ್ಯಾಂಟಂತೂ ಹರಿಯುವುದರಿಂದಲೇ ಕಾಯುತ್ತದೆ. ಸರಪಳಿ ತಗಲಿದೊಡನೆ ಒಳಗಿನ ಉದ್ದ ನೂಲುಗಳು ಕಿತ್ತು ಬಂದು ಯಂತ್ರದ ಹಲ್ಲುಚಕ್ರಕ್ಕೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತವೆ. ದಪ್ಪ ಜೀನ್ಸು ಅದಕ್ಕೆ ಬದಲಿಯಲ್ಲ.

ಕವಚಕ್ಕೂ ಆಯಸ್ಸಿದೆ

1990ರ ದಶಕದ ಕೊನೆಯಲ್ಲಿ ಜಪಾನಿನ ಝೈಲಾನ್ ಎಂಬ ನೂಲು ಬಂತು. ಕೆವ್ಲಾರಿಗಿಂತ ಗಟ್ಟಿ, ತೆಳು, ಹಗುರ. ಅಮೆರಿಕದ ಪೊಲೀಸರು ಖುಷಿಯಿಂದ ತೊಟ್ಟರು. 2003ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಒಬ್ಬ ಅಧಿಕಾರಿಯ ಝೈಲಾನ್ ಜಾಕೆಟ್ಟನ್ನು, ಅದು ತಡೆಯಬೇಕಾಗಿದ್ದ ಗುಂಡೇ ತೂರಿತು. ತನಿಖೆಯಿಂದ ತಿಳಿದದ್ದು: ಬಿಸಿ ಮತ್ತು ತೇವಕ್ಕೆ ಆ ನೂಲು ಒಳಗೊಳಗೇ ಬಲ ಕಳೆದುಕೊಳ್ಳುತ್ತಿತ್ತು. ಹೊರಗಿನಿಂದ ನೋಡಿದರೆ ಹೊಸದರಂತೆಯೇ ಇತ್ತು. 2005ರಲ್ಲಿ ಎನ್‌ಐಜೆ ಆ ಜಾಕೆಟ್ಟುಗಳ ಮಾನ್ಯತೆ ಹಿಂತೆಗೆದುಕೊಂಡಿತು.

ಈಗಿನ ನೂಲುಗಳು ಅಷ್ಟು ಸೂಕ್ಷ್ಮವಲ್ಲ. ಆದರೂ ಕೆವ್ಲಾರಿಗೆ ಬಿಸಿಲೂ ಒದ್ದೆಯೂ ಆಗದು, ಅದಕ್ಕೇ ಪದರಗಳನ್ನು ಮುಚ್ಚಿದ ಪೊರೆಯೊಳಗೆ ಇಡುತ್ತಾರೆ. ಆ ಪೊರೆ ಹರಿದಿದ್ದರೆ ಕವಚ ಬದಲಿಸಿ. ಪಾಲಿಎಥಿಲೀನ್ ಸುಮಾರು 145 ಡಿಗ್ರಿಯಲ್ಲಿ ಕರಗುತ್ತದೆ, ಬಲ ಕುಗ್ಗುವುದು ಅದಕ್ಕೂ ಬಹಳ ಮೊದಲು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಜೀಪಿನೊಳಗೆ, ಡಿಕ್ಕಿಯೊಳಗೆ ತಿಂಗಳುಗಟ್ಟಲೆ ಅದನ್ನು ಬಿಡಬಾರದು. ಕರಾವಳಿಯಲ್ಲಿ ಬೆವರು, ಉಪ್ಪುಗಾಳಿಯ ಕಾಟ. ಹೊರಚೀಲವನ್ನು ಬಿಚ್ಚಿ ಒಗೆಯಬಹುದು. ಒಳಗಿನ ಹಾಸನ್ನು ಒದ್ದೆ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಒಣಗಿಸಬೇಕು. ನೀರಿಗೆ ಅದ್ದುವುದು, ಇಸ್ತ್ರಿ, ಬ್ಲೀಚು ಕೂಡದು. ಮಡಿಸದೆ, ತಂತಿಗೆ ನೇತುಹಾಕದೆ ಸಪಾಟಾಗಿ ಮಲಗಿಸಿಡಿ. ಸೆರಾಮಿಕ್ ಪ್ಲೇಟನ್ನು ಎತ್ತರದಿಂದ ಬೀಳಿಸಿದರೆ ಒಳಗೆ ಬಿರುಕು ಬಿಟ್ಟಿರಬಹುದು, ಹೊರಗೆ ಕಾಣದು. ಬಿದ್ದ ಪ್ಲೇಟನ್ನು ಎಕ್ಸ್‌ರೇ ಮಾಡಿಸದೆ ಮತ್ತೆ ನೆಚ್ಚಬಾರದು. ಒಮ್ಮೆ ಗುಂಡು ತಿಂದ ಕವಚವನ್ನು ಎಷ್ಟೇ ಚೆನ್ನಾಗಿ ಕಂಡರೂ ಬಳಕೆಯಿಂದ ತೆಗೆಯಬೇಕು. ಮೆದು ಕವಚಕ್ಕೆ ತಯಾರಕರು ಸಾಮಾನ್ಯವಾಗಿ ಐದು ವರ್ಷದ ಭರವಸೆ ಕೊಡುತ್ತಾರೆ, ಆ ದಿನಾಂಕ ಚೀಟಿಯಲ್ಲೇ ಇರುತ್ತದೆ.

ಹೊರದೇಶದಲ್ಲಿರುವ ಕನ್ನಡಿಗರು ಅಂಗಡಿಗೋ ಟ್ಯಾಕ್ಸಿಗೋ ಎಂದು ಕವಚ ಕೊಳ್ಳುವ ಮೊದಲು ಅಲ್ಲಿನ ಕಾನೂನು ನೋಡಿಕೊಳ್ಳಬೇಕು. ನ್ಯೂಯಾರ್ಕ್ ರಾಜ್ಯ 2022ರಿಂದ ಗೊತ್ತುಪಡಿಸಿದ ವೃತ್ತಿಯವರಿಗೆ ಮಾತ್ರ ಮಾರಲು ಬಿಡುತ್ತದೆ. ಆಸ್ಟ್ರೇಲಿಯಾದ ಹೆಚ್ಚಿನ ರಾಜ್ಯಗಳಲ್ಲಿ ಪರವಾನಗಿ ಬೇಕು.

ಇಲಾಖೆಗಳಲ್ಲಿ, ಭದ್ರತಾ ಸಂಸ್ಥೆಗಳಲ್ಲಿ ಕವಚ ಹಂಚುವವರಲ್ಲಿ ಒಂದು ಕೋರಿಕೆ. ಯಾವ ಗುಂಡು ಅಥವಾ ಯಾವ ಇರಿತಕ್ಕೆ ಪರೀಕ್ಷೆಯಾಗಿದೆ, ಎಂದು ತಯಾರಾಯಿತು, ಯಾವ ಅಳತೆಯವರಿಗೆ ಎಂಬುದನ್ನು ಕನ್ನಡದಲ್ಲಿ ಬರೆದು ಪ್ರತಿ ಜಾಕೆಟ್ಟಿನೊಡನೆ ಕೊಡಿ. ಅದು ಯಾವುದನ್ನು ತಡೆಯುವುದಿಲ್ಲ ಎಂಬುದನ್ನು ಅದೇ ಕಾಗದದಲ್ಲಿ, ದಪ್ಪ ಅಕ್ಷರದಲ್ಲಿ ಬರೆಯಿರಿ.